ಹಿರಿಯರ ಮೈ ಮುಟ್ಟುವ ಮುನ್ನ: ವೃದ್ಧಾಶ್ರಮದ ಆರೈಕೆ ಸಿಬ್ಬಂದಿಗೆ ಸೂಚನೆ

ಇಲ್ಲಿನ ಪ್ರತಿ ಕೋಣೆಯೂ ಅಲ್ಲಿರುವವರ ಮನೆ. ಹಾಸಿಗೆ ಹಿಡಿದವರಿಗೂ ಮರೆವಿನ ಕಾಯಿಲೆಯವರಿಗೂ ನಾಚಿಕೆ ಇದೆ, ಬೇಕು ಬೇಡ ಇದೆ. ಈ ನಿಯಮಗಳು ಹಗಲು, ರಾತ್ರಿ ಎರಡೂ ಪಾಳಿಗೆ ಕಡ್ಡಾಯ.

ಮಾಡಬೇಕಾದ್ದು

• ಬಾಗಿಲು ತಟ್ಟಿ, ತುಸು ಕಾದು ಒಳಗೆ ಹೋಗಿ. ಮಾತು ನಿಂತವರ ಕೋಣೆಗೂ ಇದೇ ನಿಯಮ.

• ಬಹುವಚನದಲ್ಲೇ ಮಾತಾಡಿ. ‘ಮೇಷ್ಟ್ರೇ’ ಅಂದರೆ ಇಷ್ಟವಾಗುವವರನ್ನು ಹಾಗೇ ಕರೆಯಿರಿ.

• ‘ಅಮ್ಮ, ಮಗ್ಗುಲು ತಿರುಗಿಸ್ತೀನಿ, ಆಗಬಹುದಾ?’ ಎಂದು ಕೇಳಿದ ಮೇಲೆಯೇ ಕೈಹಾಕಿ. ಸ್ನಾನ ಬೇಡ ಎಂದರೆ ಬಲವಂತ ಬೇಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿ.

• ಡೈಪರ್ ಬದಲಿಸುವಾಗ ಬಾಗಿಲು ಹಾಕಿ, ಪರದೆ ಎಳೆಯಿರಿ. ಮೈ ಒರೆಸುವಾಗ ಒಂದು ಭಾಗವನ್ನಷ್ಟೇ ತೆರೆಯಿರಿ: ಕೈ ಒರೆಸಿ, ಒಣಗಿಸಿ, ಮುಚ್ಚಿದ ಮೇಲೆ ಎದೆ, ಆಮೇಲೆ ಕಾಲು. ಉಳಿದ ಮೈ ಟವೆಲಿನ ಕೆಳಗಿರಲಿ.

• ಹೆಂಗಸರು ಹೆಣ್ಣು ಸಿಬ್ಬಂದಿಯೇ ಬೇಕೆಂದರೆ ಅವರನ್ನೇ ಕರೆಸಿ.

• ತಾವಾಗಿ ಹೊರಳಲಾಗದವರನ್ನು 2 ಗಂಟೆಗೊಮ್ಮೆ, ಅಥವಾ ನರ್ಸ್ ಹೇಳಿದ ಹೊತ್ತಿಗೆ, ಮಗ್ಗುಲು ತಿರುಗಿಸಿ. ಎಳೆದರೆ ಚರ್ಮ ಕಿತ್ತು ಹುಣ್ಣಾಗುತ್ತದೆ. ಇಬ್ಬರು ಸೇರಿ ಎತ್ತಿ ಸರಿಸಿ.

• ಊಟಕ್ಕೆ ಮೊದಲು ಹಲ್ಲುಸೆಟ್ಟು, ಕನ್ನಡಕ ಕೊಡಿ. ನೆಟ್ಟಗೆ ಕೂರಿಸಿ, ಎದುರು ಕುಳಿತು ತಿನ್ನಿಸಿ. ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು.

ಮಾಡಬಾರದ್ದು

• ‘ಮುದುಕಿ’, ‘ನಾಲ್ಕನೇ ಬೆಡ್ಡು’ ಎಂದು ಕರೆಯಬೇಡಿ. ಮಕ್ಕಳಿಗೆ ಆಡುವ ಮುದ್ದುಮಾತೂ ಬೇಡ.

• ‘ಡೈಪರ್ ಇದೆಯಲ್ಲ, ಅದರಲ್ಲೇ ಮಾಡಿ’ ಎನ್ನಬೇಡಿ. ನಡೆಯಬಲ್ಲವರನ್ನು ಶೌಚಾಲಯಕ್ಕೆ ಕರೆದೊಯ್ಯಿರಿ. ರಾತ್ರಿ ಎಬ್ಬಿಸುತ್ತಾರೆಂದು ಕುಡಿಯುವ ನೀರು ಕಡಿಮೆ ಮಾಡಬೇಡಿ.

• ಹಾಸಿಗೆ ಒದ್ದೆಯಾದದ್ದನ್ನು ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಡಿ.

• ಫೋಟೊ, ವಿಡಿಯೊ, ವಾಟ್ಸಾಪ್ ಸ್ಟೇಟಸ್ ಯಾವುದೂ ಕೂಡದು. ಹುಟ್ಟುಹಬ್ಬಕ್ಕೆ ಊಟ ಹಾಕಿಸುವ ದಾನಿಗಳಿಗೂ ಇದು ಅನ್ವಯ. ತಟ್ಟೆ ಹಿಡಿದ ಹಿರಿಯರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲು ಬಿಡಬೇಡಿ.

• ಬಾಚಲು ಸುಲಭವೆಂದು ಕೂದಲು ಕತ್ತರಿಸಬೇಡಿ. ತಾಳಿ, ಜನಿವಾರ, ತಾಯಿತ, ಜಪಮಣಿಯನ್ನು ಕೇಳದೆ ತೆಗೆಯಬೇಡಿ.

• ಕೆಲಸ ಹಗುರಾಗಲೆಂದು ಮಂಚಕ್ಕೆ ಕಟ್ಟುವುದು, ನಿದ್ದೆ ಮಾತ್ರೆ ಕೊಡುವುದು ದೌರ್ಜನ್ಯ. ಕ್ಷಮೆ ಇಲ್ಲ.

ತಪ್ಪು ಕಂಡವರು ಅದೇ ಪಾಳಿಯಲ್ಲಿ ಮೇಲ್ವಿಚಾರಕರಿಗೆ ತಿಳಿಸಬೇಕು. ಹಿರಿಯರೂ ಮನೆಯವರೂ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಕೇಳಿದವರಿಗೆ ಫೋನ್ ಹಚ್ಚಿಕೊಡಿ. ದೂರು ಕೊಟ್ಟವರ ಮೇಲೆ ಸಿಟ್ಟು ತೀರಿಸಿಕೊಳ್ಳುವವರಿಗೆ ಇಲ್ಲಿ ಕೆಲಸವಿಲ್ಲ.