ಕಂಟೂರು ಗೆರೆ: ಯಂತ್ರ ಎಳೆದರೂ ನೆಲ ಒಪ್ಪಬೇಕು



ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗೆ ಪುಸ್ತಕದಲ್ಲಿ ಸಮೋನ್ನತಿ ರೇಖೆ ಎನ್ನುತ್ತಾರೆ. ತೋಟದಲ್ಲಿ ನಾವು ಕಂಟೂರು ಎನ್ನುತ್ತೇವೆ. ಇದನ್ನು ಕಣ್ಣಾರೆ ನೋಡಬೇಕಾದರೆ ಬಾಗಲಕೋಟೆಗೆ ಹೋಗಬೇಕು. ಆಲಮಟ್ಟಿ ಜಲಾಶಯ ತುಂಬಿದಾಗ ಹಿನ್ನೀರು ಹಳೆಯ ಊರಿನ ಬಳಿ ಬಂದು ನಿಲ್ಲುತ್ತದೆ. ನಿಂತ ನೀರಿನ ಆ ಅಂಚೇ 519.60 ಮೀಟರಿನ ಕಂಟೂರು. ಅಣೆಕಟ್ಟಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಹೆಚ್ಚಳ ಐದು ಮೀಟರಿಗೂ ಕಡಿಮೆ. ಆದರೆ ನೂರಕ್ಕೆ ಒಂದರ ಇಳಿಜಾರಿನ ಹೊಲದಲ್ಲಿ ಅಷ್ಟಕ್ಕೇ ನೀರಿನ ಅಂಚು ಸುಮಾರು 465 ಮೀಟರು ಒಳಕ್ಕೆ ಸರಿಯುತ್ತದೆ. ಯಾರ ಮನೆ ಉಳಿಯಿತು, ಯಾರದು ಹೋಯಿತು ಎಂಬುದು ಅಲ್ಲಿ ಒಂದು ಗೆರೆಯ ಮಾತು.

ಈಗ ನಮ್ಮಲ್ಲೂ ಕಾಫಿ ಕಣ, ಗೋದಾಮು, ಅಡಿಕೆ ಸಂಸ್ಕರಣೆಯ ಮನೆ ಕಟ್ಟುವಾಗ ವಿನ್ಯಾಸಗಾರರು ಕಂಪ್ಯೂಟರಿನಲ್ಲಿ ಕಂಟೂರು ನಕ್ಷೆ ತೆಗೆದು ತೋರಿಸುತ್ತಾರೆ. ಆ ಗೆರೆ ಎಲ್ಲಿಂದ ಬರುತ್ತದೆಂದು ನಾವು ತಿಳಿದಿರಬೇಕು.

ಮೊದಲು ನೆಲದ ಮಾದರಿ ಬೇಕು. ಚದುರಂಗದ ಮಣೆಯಂತೆ ನೆಲವನ್ನು ಚೌಕಗಳಾಗಿ ಮಾಡಿ ಪ್ರತಿಯೊಂದಕ್ಕೂ ಒಂದು ಎತ್ತರ ಬರೆದಿಟ್ಟ ಪಟ್ಟಿಯೇ ಈ ಮಾದರಿ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ ರೇಡಾರಿನಿಂದ ಇಂಥ ಅಳತೆ ಮಾಡಿತು. 2005ರಲ್ಲಿ ಹಾರಿದ ನಮ್ಮ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳಿಂದಲೂ ಮಾದರಿ ಸಿದ್ಧವಾಗಿದೆ. ಸಾಮಾನ್ಯವಾಗಿ ಸಿಗುವ ಚೌಕದ ಅಳತೆ ಸುಮಾರು 30 ಮೀಟರು.

ಯಂತ್ರ ಮಾಡುವ ಲೆಕ್ಕ ಸರಳ. ಒಂದು ಬಿಂದು 540 ಮೀಟರು, 30 ಮೀಟರು ಆಚೆಗಿನದು 543 ಮೀಟರು ಎನ್ನೋಣ. ಆಗ 541ರ ಗೆರೆ 10 ಮೀಟರಿಗೆ, 542ರ ಗೆರೆ 20 ಮೀಟರಿಗೆ ಹಾಯುತ್ತದೆ. ಎಲ್ಲ ಚೌಕಗಳಲ್ಲೂ ಹೀಗೆ ಗುರುತಿಸಿ ಕೂಡಿಸಿದರೆ ಕಂಟೂರು ಸಿದ್ಧ. ಬಾದಾಮಿಯ ಕಲ್ಲುಬೆಟ್ಟಗಳಂಥ ಕಡಿದಾದ ಕಡೆ ಗೆರೆಗಳು ಒತ್ತೊತ್ತಾಗಿ, ಹುನಗುಂದದ ಎರೆಹೊಲಗಳಲ್ಲಿ ದೂರದೂರವಾಗಿ ಕಾಣುತ್ತವೆ.

ಇಲ್ಲಿ ಮೂರು ಎಚ್ಚರಿಕೆಗಳು.

ಒಂದು: ಎರಡು ಬಿಂದುಗಳ ನಡುವೆ ಹಳ್ಳವಿದ್ದರೂ ದಿಬ್ಬವಿದ್ದರೂ ಯಂತ್ರಕ್ಕೆ ತಿಳಿಯದು. ಅರ್ಧ ಮೀಟರಿಗೊಂದು ಗೆರೆ ಕೇಳಿದರೆ ಅಂದವಾಗಿ ಎಳೆದುಕೊಡುತ್ತದೆ. ಅದರಿಂದ ಅಳತೆಯ ನಿಖರತೆ ಹೆಚ್ಚುವುದಿಲ್ಲ.

ಎರಡು: ಇಂಥ ಮಾದರಿಗಳಲ್ಲಿ ಎತ್ತರವು ಕೆಲವು ಮೀಟರು ತಪ್ಪಿರುವುದುಂಟು. ಹುನಗುಂದ, ಇಳಕಲ್ಲಿನ ಕಡೆಯ ಸಮತಟ್ಟು ಹೊಲದಲ್ಲಿ, ನೂರಕ್ಕೆ ಒಂದರ ಇಳಿಜಾರಿಗೆ, ಮೂರು ಮೀಟರಿನ ತಪ್ಪು ಗೆರೆಯನ್ನು 300 ಮೀಟರು ಸರಿಸಿಬಿಡುತ್ತದೆ. ಆ ಗೆರೆಯನ್ನು ನಂಬಿ ಒಡ್ಡು ಹಾಕಿದರೆ ನೀರೆಲ್ಲ ತಗ್ಗಿನ ಕಡೆ ಸೇರಿ ಒಡ್ಡು ಒಡೆಯುತ್ತದೆ, ಮಣ್ಣೂ ಹೋಗುತ್ತದೆ.

ಮೂರು: ಇದು ನಮಗೇ ಸಂಬಂಧಿಸಿದ್ದು. ಬಯಲುಸೀಮೆಯ ಬರಿಯ ಹೊಲದಲ್ಲಿ ಮೇಲಿನಿಂದ ಕಾಣುವುದು ನೆಲ. ನಮ್ಮ ತೋಟದಲ್ಲಿ ಕಾಣುವುದು ಸಿಲ್ವರ್ ಓಕಿನ ತಲೆ, ಅಡಿಕೆಯ ಸೋಗೆ. ಮರ ಕಡಿದ ಜಾಗ ಹಳ್ಳದಂತೆಯೂ ಮರ ದಟ್ಟವಾದ ಜಾಗ ಗುಡ್ಡದಂತೆಯೂ ನಕ್ಷೆಗೆ ಇಳಿಯಬಹುದು.

ಆದ್ದರಿಂದ ಉಪಗ್ರಹದ ನಕ್ಷೆಯನ್ನು ಇಡೀ ಗುಡ್ಡದ ನೀರು ಯಾವ ಕಡೆ ಹರಿಯುತ್ತದೆಂದು ಅಂದಾಜು ಮಾಡಲು ಬಳಸೋಣ. ಕಟ್ಟಡದ ಜಾಗಕ್ಕೆ ಮಾತ್ರ ಸರ್ವೆಯವರಿಂದ ನೆಲದ ಮೇಲೆಯೇ ಮಟ್ಟ ತೆಗೆಸಿ, ಆ ಅಂಕಿಗಳನ್ನೇ ವಿನ್ಯಾಸಗಾರರಿಗೆ ಕೊಡೋಣ. ಅವುಗಳಿಂದಲೂ ತಂತ್ರಾಂಶ ಕಂಟೂರು ಎಳೆಯುತ್ತದೆ.

ತೊಟ್ಟಿಲು ಗುಂಡಿ, ಕಂಟೂರು ಸಾಲುಗಳಿಗೆ ನೀರಿನ ಕೊಳವೆಯೇ ಸಾಕು. ಸುಮಾರು 15 ಮೀಟರಿನ ಪಾರದರ್ಶಕ ಕೊಳವೆಗೆ ಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದೇ ಅಳತೆಯ ಗುರುತಿರುವ ಎರಡು ಕೋಲುಗಳಿಗೆ ತುದಿಗಳನ್ನು ಕಟ್ಟಿ. ಒಂದು ಕೋಲನ್ನು ಮೊದಲ ಗೂಟದ ಬಳಿ ನಿಲ್ಲಿಸಿ, ಇನ್ನೊಂದನ್ನು ಹತ್ತು ಮೀಟರು ಆಚೆ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡಿ. ಎರಡರಲ್ಲೂ ನೀರು ಒಂದೇ ಗುರುತಿಗೆ ನಿಂತ ಕಡೆ ಗೂಟ ಹೊಡೆಯಿರಿ.

ಮಣ್ಣು ತೆಗೆಯುವ ಯಂತ್ರವನ್ನು ಕರೆಯುವ ಮುನ್ನ ನಕ್ಷೆಯ ಗೆರೆಯನ್ನು ಐದಾರು ಕಡೆಯಾದರೂ ಹೀಗೆ ಪರೀಕ್ಷಿಸಿ. ಕೆಲಸ ಅರ್ಧ ದಿನದ್ದು. ಒಮ್ಮೆ ಕಡಿದ ದಿಣ್ಣೆಯನ್ನು ಮಳೆಗಾಲ ಬಂದ ಮೇಲೆ ಸರಿಪಡಿಸಲು ಆಗುವುದಿಲ್ಲ.