ಬ್ರೇಕ್ ಆಯಿಲ್: ಆಯ್ಕೆ ಮತ್ತು ಬದಲಾವಣೆ

ತರಕಾರಿ, ಅಡಿಕೆ ಮೊದಲಾದವುಗಳನ್ನು ಪೇಟೆಗೆ ಸಾಗಿಸಲು ಅನೇಕ ರೈತರು ಸ್ವಂತ ಜೀಪು ಇಲ್ಲವೆ ಪಿಕಪ್ ವಾಹನ ಇಟ್ಟುಕೊಂಡಿದ್ದಾರೆ. ಎಂಜಿನ್ ಆಯಿಲನ್ನು ತಪ್ಪದೆ ಬದಲಾಯಿಸುವವರೂ ಬ್ರೇಕ್ ಆಯಿಲನ್ನು ಮರೆಯುವುದುಂಟು. ಮಟ್ಟ ಇಳಿದಾಗ ಸ್ವಲ್ಪ ತುಂಬಿದರೆ ಸಾಕೆಂಬ ಭಾವನೆ ಸರಿಯಲ್ಲ.

ಏಕೆ ಬದಲಾಯಿಸಬೇಕು?

ಹೆಸರು ಆಯಿಲ್ ಎಂದಿದ್ದರೂ ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಸುಮಾರು ಶೇ. 3.7ರಷ್ಟು ನೀರು ಸೇರಿದಾಗ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇವು 230 ಮತ್ತು 155 ಡಿಗ್ರಿ.

ಚಾರ್ಮಾಡಿಯಂತಹ ಘಾಟಿಯನ್ನು ಹೊರೆ ಸಮೇತ ಇಳಿಯುವಾಗ ಬ್ರೇಕು ಬಹಳ ಕಾಯುತ್ತದೆ. ನೀರು ಸೇರಿದ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವದಂತಲ್ಲದೆ ಆವಿಯು ಒತ್ತಿದರೆ ಕುಗ್ಗುತ್ತದೆ. ಆದ್ದರಿಂದ ಪೆಡಲ್ ತಳ ಮುಟ್ಟಿದರೂ ಬ್ರೇಕು ಹಿಡಿಯುವುದಿಲ್ಲ. ನೀರಿನಿಂದ ಒಳಭಾಗಗಳು ತುಕ್ಕು ಹಿಡಿಯುವುದೂ ಉಂಟು.

ಆಯ್ಕೆ

ಡಬ್ಬಿಯ ಮುಚ್ಚಳ ಅಥವಾ ವಾಹನದ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯನ್ನೇ ಕೊಳ್ಳಬೇಕು. ಡಾಟ್ 5 ಸಿಲಿಕೋನ್ ದ್ರವ. ಅದನ್ನು ಉಳಿದವುಗಳೊಡನೆ ಬೆರೆಸಬಾರದು. ಡಾಟ್ 5.1 ಬೇರೆ, ಅದು ಗ್ಲೈಕಾಲ್ ಜಾತಿಯದು. ಎಂಜಿನ್ ಆಯಿಲ್ ಅಥವಾ ಸೀಮೆಎಣ್ಣೆಯನ್ನು ಎಂದೂ ಹಾಕಬಾರದು. ರಬ್ಬರ್ ಭಾಗಗಳು ಊದಿ ಕೆಡುತ್ತವೆ. ಬಹುದಿನ ತೆರೆದಿಟ್ಟ ಡಬ್ಬಿಯ ದ್ರವ ಬೇಡ.

ಬದಲಾಯಿಸುವ ಕ್ರಮ

ಕೈಪಿಡಿಯಲ್ಲಿ ಬೇರೆ ಅವಧಿ ಹೇಳದಿದ್ದರೆ 2 ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

1. ಸಮತಟ್ಟು ನೆಲದಲ್ಲಿ ವಾಹನ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಬೇಕು.
2. ಮುಚ್ಚಳದ ಸುತ್ತ ಒರೆಸಿ, ಹಳೆಯ ದ್ರವವನ್ನು ಹೀರಿ ತೆಗೆದು ಹೊಸದನ್ನು ತುಂಬಬೇಕು.
3. ಚಕ್ರದ ಬಳಿಯ ನಿಪ್ಪಲ್‌ಗೆ ಕೊಳವೆ ಸಿಕ್ಕಿಸಿ, ತುದಿಯನ್ನು ಸ್ವಲ್ಪ ಹೊಸ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಬೇಕು.
4. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯಬೇಕು. ಅನಂತರವೇ ಪೆಡಲ್ ಬಿಡಬೇಕು. ಗುಳ್ಳೆಯಿಲ್ಲದ ತಿಳಿ ದ್ರವ ಬರುವವರೆಗೆ ಹೀಗೆ ಮಾಡಬೇಕು. ಮೇಲಿನ ಡಬ್ಬಿ ಬರಿದಾಗಲು ಬಿಡಬಾರದು.
5. ಕೈಪಿಡಿಯ ಕ್ರಮದಲ್ಲಿ ಎಲ್ಲ ಚಕ್ರಗಳಿಗೂ ಮಾಡಿ, ಸೂಚಿತ ಗೆರೆಯವರೆಗೆ ದ್ರವ ತುಂಬಬೇಕು.

ಎಬಿಎಸ್ ಇರುವ ವಾಹನವಾದರೆ ನುರಿತ ಮೆಕ್ಯಾನಿಕರಿಂದಲೇ ಮಾಡಿಸುವುದು ಕ್ಷೇಮ.

ಎಚ್ಚರಿಕೆ

ದ್ರವ ವಿಷ; ಮಕ್ಕಳಿಗೂ ದನಕರುಗಳಿಗೂ ಸಿಗಬಾರದು. ಬಣ್ಣದ ಮೇಲೆ ಬಿದ್ದರೆ ಕೂಡಲೆ ನೀರಿನಿಂದ ತೊಳೆಯಬೇಕು. ಮಟ್ಟ ಪದೇಪದೇ ಇಳಿಯುತ್ತಿದ್ದರೆ ಸೋರಿಕೆಯನ್ನು ಹುಡುಕಬೇಕು. ಪೆಡಲ್ ಗಟ್ಟಿಯಾಗಿದೆಯೆಂದು ನಿಧಾನ ವೇಗದಲ್ಲಿ ಪರೀಕ್ಷಿಸಿದ ಮೇಲೆಯೇ ಹೊರೆ ಹೇರತಕ್ಕದ್ದು.