ಕಾಲುವೆಯಲ್ಲೊಂದು ವಾರ: ಸ್ಕಿಪ್ಟನ್‌ನಿಂದ ಸಾಲ್ಟೇರ್‌ಗೆ

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ದೋಣಿಯೊಂದನ್ನು ಬಾಡಿಗೆಗೆ ಪಡೆದು, ಅದರಲ್ಲೇ ಅಡುಗೆ ಮಾಡಿ ಉಂಡು, ಅದರಲ್ಲೇ ಮಲಗಿ, ನಡಿಗೆಯ ವೇಗದಲ್ಲಿ ವಾರವಿಡೀ ಸಾಗಬಹುದು. ಬಾಡಿಗೆಯ ಕಾಲುವೆ ದೋಣಿ ನಡೆಸಲು ಲೈಸೆನ್ಸು ಬೇಕಿಲ್ಲ. ಹಿಂದಿನ ಅನುಭವವೂ ಬೇಕಿಲ್ಲ. ದೋಣಿ ಕೊಡುವವರೇ ಹೊರಡುವ ದಿನ ಜೊತೆಗೆ ನಿಂತು ಹೇಳಿಕೊಡುತ್ತಾರೆ. ಆದರೆ ಅವರು ಹೇಳಿಕೊಡುವುದು ದೋಣಿ ನಡೆಸುವುದನ್ನು. ಎಷ್ಟು ದೂರ ಹೋಗಬೇಕು, ಎಲ್ಲಿಂದ ಹೊರಡಬೇಕು, ಯಾವ ತಿಂಗಳಲ್ಲಿ ಎಂಬುದನ್ನು ಮನೆಯಲ್ಲಿ ಕುಳಿತೇ ನೀವು ತೀರ್ಮಾನಿಸಬೇಕು. ಈ ಲೇಖನ ಅದಕ್ಕಾಗಿ. ಕಾಲುವೆ ಎಂದರೆ ಗದ್ದೆಗೆ ನೀರು ಹಾಯಿಸುವ ನಾಲೆ ಎಂದಷ್ಟೇ ನಿಮಗೆ ಗೊತ್ತಿದ್ದರೂ ತೊಂದರೆಯಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ನಮ್ಮ ನಾಲೆಗಳಲ್ಲಿ ನೀರು ಮುಂದೆ ಹರಿಯಬೇಕು. ಆದ್ದರಿಂದ ಅವಕ್ಕೆ ಉದ್ದಕ್ಕೂ ಸಣ್ಣದೊಂದು ಇಳಿಜಾರು ಇರುತ್ತದೆ. ದೋಣಿಗಾಗಿ ತೋಡಿದ ಕಾಲುವೆಯಲ್ಲಿ ನೀರು ನಿಂತಿರಬೇಕು. ನಿಂತ ನೀರಿನಲ್ಲಿ ಹತ್ತಾರು ಟನ್ ಸರಕು ತುಂಬಿದ ದೋಣಿಯನ್ನು ಒಂದೇ ಕುದುರೆ ಎಳೆಯಬಲ್ಲದು. ಹೋಗುವಾಗ ಎಷ್ಟು ಸುಲಭವೋ ಬರುವಾಗಲೂ ಅಷ್ಟೇ ಸುಲಭ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಲ್ಲಿದ್ದಲು, ಸುಣ್ಣಕಲ್ಲು, ಹತ್ತಿ, ಉಣ್ಣೆ ಎಲ್ಲವೂ ಹೀಗೆ ಸಾಗಿದವು. ದಂಡೆಯ ಮೇಲೆ ಆ ಕುದುರೆ ನಡೆಯುತ್ತಿದ್ದ ದಾರಿಗೆ ಟೋಪಾತ್ ಎನ್ನುತ್ತಾರೆ. ಕುದುರೆಗಳು ಈಗಿಲ್ಲ, ದೋಣಿಗಳಿಗೆ ಡೀಸೆಲ್ ಎಂಜಿನ್ ಬಂದಿದೆ. ದಾರಿ ಮಾತ್ರ ಹಾಗೇ ಉಳಿದಿದೆ. ನಿಮ್ಮ ಜೊತೆಯವರು ಬೇಸರವಾದಾಗ ಇಳಿದು ದೋಣಿಯ ಪಕ್ಕದಲ್ಲೇ ನಡೆದು ಬರಬಹುದು.

ನೀರು ನಿಂತಿರಬೇಕಾದರೆ ಕಾಲುವೆ ಸಮಮಟ್ಟದಲ್ಲಿರಬೇಕು. ನೆಲ ಏರುವ ಕಡೆ ಏನು ಮಾಡುವುದು? ಸಾಧ್ಯವಾದಷ್ಟು ದೂರ ಗುಡ್ಡದ ಮೈಯನ್ನು ಒಂದೇ ಎತ್ತರದಲ್ಲಿ ಬಳಸಿಕೊಂಡು ಹೋಗುವುದು. ಅದೂ ಆಗದ ಕಡೆ ಲಾಕ್ ಕಟ್ಟುವುದು. ಲಾಕ್ ಎಂದರೆ ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ. ಕೆಳಗಿನ ಬಾಗಿಲ ಆಚೆ ತಗ್ಗಿನ ಕಾಲುವೆ, ಮೇಲಿನ ಬಾಗಿಲ ಆಚೆ ಎತ್ತರದ ಕಾಲುವೆ. ನೀವು ಮೇಲೆ ಹೋಗಬೇಕು ಎಂದಿಟ್ಟುಕೊಳ್ಳಿ. ತೊಟ್ಟಿಯ ನೀರು ಕೆಳಮಟ್ಟದಲ್ಲಿರುವಾಗ ದೋಣಿಯನ್ನು ಒಳಗೆ ತಂದು ಹಿಂದಿನ ಬಾಗಿಲು ಮುಚ್ಚುತ್ತೀರಿ. ಆಮೇಲೆ ಮೇಲಿನ ತೂಬನ್ನು ಎತ್ತುತ್ತೀರಿ. ಎತ್ತರದ ನೀರು ತೊಟ್ಟಿಗೆ ಇಳಿಯುತ್ತದೆ, ದೋಣಿ ಏರುತ್ತದೆ. ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟಕ್ಕೆ ಬಂದಾಗ ಬಾಗಿಲಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ಅದು ತೆರೆದುಕೊಳ್ಳುತ್ತದೆ. ಮಟ್ಟ ಸಮವಾಗುವ ಮೊದಲು ಎಷ್ಟು ಜನ ತಳ್ಳಿದರೂ ತೆರೆಯದು. ಇಲ್ಲಿ ಪಂಪಿಲ್ಲ, ಮೋಟಾರಿಲ್ಲ. ನೀರಿನ ಭಾರವೇ ಎಲ್ಲ ಕೆಲಸ ಮಾಡುತ್ತದೆ. ತೂಬನ್ನು ಅಲ್ಲಿಯವರು ಪ್ಯಾಡಲ್ ಎನ್ನುತ್ತಾರೆ. ಅದನ್ನು ಎತ್ತಿ ಇಳಿಸಲು ತಿರುಗಿಸುವ ಕಬ್ಬಿಣದ ಹಿಡಿಕೆಯೇ ವಿಂಡ್ಲಾಸ್. ವಾರವಿಡೀ ಅದು ನಿಮ್ಮ ಕೈಯಲ್ಲಿರುತ್ತದೆ.

ಒಂದು ಅಪಾಯವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಲಾಕ್‌ನಲ್ಲಿ ದೋಣಿ ಮುಳುಗುವುದು ಸಾಮಾನ್ಯವಾಗಿ ಹೀಗೆಯೇ. ಮೇಲಿನ ಬಾಗಿಲಿನ ಬುಡದಲ್ಲಿ, ತೊಟ್ಟಿಯೊಳಕ್ಕೆ ಚಾಚಿಕೊಂಡ ಕಲ್ಲಿನ ಅಂಚೊಂದಿದೆ. ಅದರ ಹೆಸರು ಸಿಲ್. ತೊಟ್ಟಿ ತುಂಬಿದಾಗ ಕಾಣುವುದಿಲ್ಲ. ಕೆಳಗೆ ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ಇಳಿದಂತೆ ಹಿಂಭಾಗ ಕಲ್ಲಿನ ಮೇಲೆ ಕೂತು ಮುಂಭಾಗ ಮಾತ್ರ ಕೆಳಗಿಳಿಯುತ್ತದೆ. ಸಿಲ್ ಎಲ್ಲಿಯವರೆಗಿದೆ ಎಂದು ಲಾಕ್‌ನ ಪಕ್ಕದಲ್ಲಿ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯನ್ನು ಆ ಗೆರೆಗಿಂತ ಮುಂದೆ ನಿಲ್ಲಿಸಿಕೊಳ್ಳಿ, ನೀರು ಪೂರ್ತಿ ಇಳಿಯುವವರೆಗೆ ಚುಕ್ಕಾಣಿ ಹಿಡಿದವರು ಕಣ್ಣು ತೆಗೆಯಬಾರದು. ತೂಬಿನ ಬಳಿ ನಿಂತವರೂ ದೋಣಿಯನ್ನೇ ನೋಡುತ್ತಿರಬೇಕು. ಏನಾದರೂ ಸಿಕ್ಕಿಕೊಂಡಂತೆ ಕಂಡರೆ ತಕ್ಷಣ ತೂಬು ಇಳಿಸಬೇಕು. ಅವಸರಪಡದವರಿಗೆ ಲಾಕ್ ಅಪಾಯಕಾರಿಯಲ್ಲ.

ಈಗ ಕಾಲುವೆಯನ್ನು ಆರಿಸೋಣ. ಉತ್ತರ ಇಂಗ್ಲೆಂಡಿನಲ್ಲಿ ಹಲವು ಕಾಲುವೆಗಳಿದ್ದರೂ ಹೊಸಬರಿಗೆ ನಾನು ಹೇಳುವುದು ಲೀಡ್ಸ್–ಲಿವರ್‌ಪೂಲ್ ಕಾಲುವೆಯನ್ನು. ಪೂರ್ವದ ಯಾರ್ಕ್‌ಷೈರ್ ಮತ್ತು ಪಶ್ಚಿಮದ ಲ್ಯಾಂಕಾಷೈರ್ ನಡುವೆ ಪೆನೈನ್ಸ್ ಎಂಬ ಬೆಟ್ಟಸಾಲಿದೆ. ಆ ಬೆಟ್ಟಗಳನ್ನು ದಾಟುವ ಕಾಲುವೆ ಇದು. ಉದ್ದ 127 ಮೈಲಿ, ಅಂದರೆ ಸುಮಾರು 204 ಕಿಲೋಮೀಟರ್. ಮುಖ್ಯ ಮಾರ್ಗದಲ್ಲಿ 91 ಲಾಕ್‌ಗಳಿವೆ. 1770ರಲ್ಲಿ ಕೆಲಸ ಶುರುವಾಗಿ 1816ರಲ್ಲಿ ಮುಗಿಯಿತು. ಅಷ್ಟು ವರ್ಷ ಹಿಡಿದದ್ದಕ್ಕೆ ಬೆಟ್ಟವೊಂದೇ ಕಾರಣವಲ್ಲ. ಹಣ ಸಾಲಲಿಲ್ಲ, ನಡುವೆ ಯುದ್ಧ ಬಂತು, ಕಾಲುವೆ ಯಾವ ಊರುಗಳ ಮೇಲೆ ಹಾಯಬೇಕೆಂದು ಎರಡು ಸೀಮೆಯವರೂ ಬಹುಕಾಲ ವಾದಿಸಿದರು.

ಕನ್ನಡ ನಾಡಿಗೂ ಈ ಕಡೆಗೂ ಹತ್ತಿಯ ನಂಟೊಂದಿದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಅಲ್ಲಿನ ವರ್ತಕರು ಧಾರವಾಡ ಸೀಮೆಯ ಹತ್ತಿಯತ್ತ ತಿರುಗಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನ ಮೂಲಕ ಆ ಹತ್ತಿಯನ್ನು ಸಾಗಿಸುವ ಆಸೆಯಿತ್ತು. ಇದೇ ಕಾಲುವೆಯ ದಂಡೆಯಲ್ಲಿರುವ ಬ್ಲ್ಯಾಕ್‌ಬರ್ನ್, ಭಾರತದ ಪೇಟೆಗೆಂದು ಧೋತರ ನೇಯುತ್ತಿದ್ದ ಊರು.

ಇಡೀ ಕಾಲುವೆಯನ್ನು ಒಂದೇ ವಾರದಲ್ಲಿ ಮುಗಿಸುವ ಆಸೆ ಹೊಸಬರಲ್ಲಿ ಸಹಜ. ದಯವಿಟ್ಟು ಆ ಆಸೆ ಬಿಡಿ. ಕಾಲುವೆಯ ವೇಗಮಿತಿ ಗಂಟೆಗೆ 4 ಮೈಲಿ. ಕಟ್ಟಿ ನಿಲ್ಲಿಸಿದ ದೋಣಿಗಳನ್ನು ದಾಟುವಾಗ ಅದಕ್ಕಿಂತಲೂ ನಿಧಾನ. ದಿನದ ಲೆಕ್ಕ ಹಾಕಲು ಕಾಲುವೆಯವರು ಲಾಕ್-ಮೈಲಿ ಎಂಬ ಸರಳ ವಿಧಾನ ಬಳಸುತ್ತಾರೆ. ಒಂದು ಲಾಕ್ ಅನ್ನು ಒಂದು ಮೈಲಿ ಎಂದು ಎಣಿಸಿ. ಅದನ್ನು ನಿಜವಾದ ಮೈಲಿಗಳಿಗೆ ಕೂಡಿಸಿ. ಬಂದ ಮೊತ್ತವನ್ನು ಮೂರರಿಂದ ಭಾಗಿಸಿದರೆ ಗಂಟೆಗಳು ಸಿಗುತ್ತವೆ. ಪಳಗಿದವರು ಇದಕ್ಕಿಂತ ಬೇಗ ಸಾಗುತ್ತಾರೆ, ಆದರೆ ಮೊದಲ ಸಲಕ್ಕೆ ಮೂರೇ ಸರಿ. ಇಡೀ ಕಾಲುವೆಗೆ ಈ ಲೆಕ್ಕ ಹಾಕಿ ನೋಡಿ: 127ಕ್ಕೆ 91 ಕೂಡಿಸಿದರೆ 218, ಅಂದರೆ 70 ಗಂಟೆಗೂ ಹೆಚ್ಚು. ವಾರದಲ್ಲಿ ಮುಗಿಸಬೇಕಾದರೆ ದಿನಕ್ಕೆ ಹತ್ತು ಗಂಟೆ ದುಡಿಯಬೇಕು. ಜೊತೆಗೆ ಬಾಡಿಗೆ ದೋಣಿಯನ್ನು ಹೊರಟ ಜಾಗಕ್ಕೇ ಮರಳಿ ತರಬೇಕಾಗುತ್ತದೆ.

ಆದ್ದರಿಂದ ನನ್ನ ಸಲಹೆ ಸ್ಕಿಪ್ಟನ್‌ನಿಂದ ಹೊರಟು, ಪೂರ್ವಕ್ಕೆ ಸಾಲ್ಟೇರ್ ತನಕ ಹೋಗಿ, ಅದೇ ದಾರಿಯಲ್ಲಿ ಮರಳುವುದು. ದೂರ ಸುಮಾರು 16 ಮೈಲಿ, ಲಾಕ್‌ಗಳು 11. ಕೂಡಿಸಿದರೆ 27, ಮೂರರಿಂದ ಭಾಗಿಸಿದರೆ 9 ಗಂಟೆ. ಹೋಗಿ ಬರಲು 18 ಗಂಟೆ. ದಾರಿಯಲ್ಲಿ ತಿರುಗು ಸೇತುವೆಗಳು ಬಹಳ ಇವೆ, ಅವುಗಳಿಗೆಂದು ಇನ್ನೂ ನಾಲ್ಕೈದು ಗಂಟೆ ಸೇರಿಸಿ. ಆಗಲೂ ವಾರಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಗಂಟೆ ಮೀರುವುದಿಲ್ಲ. ಅದೇ ದಾರಿಯಲ್ಲಿ ಮರಳುವುದು ಬೇಸರವಲ್ಲವೇ ಎಂದು ನೀವು ಕೇಳಬಹುದು. ಹೋಗುವಾಗ ಚುಕ್ಕಾಣಿಯ ಮೇಲಿದ್ದ ಗಮನ ಬರುವಾಗ ಹೊಲಗಳ ಮೇಲೆ, ಕಲ್ಲಿನ ಬೇಲಿಗಳ ಮೇಲೆ, ಕುರಿಗಳ ಮೇಲೆ ಹರಿಯುತ್ತದೆ. ಎರಡೂ ಬೇರೆ ಪ್ರಯಾಣಗಳೇ.

ಈ ದಾರಿಯನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಬೇರೆಯಿದೆ. ಸ್ಕಿಪ್ಟನ್‌ನ ಪಶ್ಚಿಮಕ್ಕಿರುವ ಗಾರ್ಗ್ರೇವ್‌ನಿಂದ ಪೂರ್ವದ ಬಿಂಗ್ಲಿಯ ತನಕ 17 ಮೈಲಿ ಒಂದೇ ಒಂದು ಲಾಕ್ ಇಲ್ಲ. ಏರ್ ನದಿಯ ಕಣಿವೆಯ ಮೈಗೆ ಅಂಟಿಕೊಂಡು, ಕಿಲ್ಡ್ವಿಕ್, ಸಿಲ್ಸ್ಡನ್ ಊರುಗಳ ಪಕ್ಕದಲ್ಲಿ ಕಾಲುವೆ ಸಮಮಟ್ಟದಲ್ಲೇ ಬಳುಕುತ್ತ ಸಾಗುತ್ತದೆ. ಮೊದಲ ಎರಡು ದಿನ ನೀವು ಚುಕ್ಕಾಣಿಯನ್ನಷ್ಟೇ ಕಲಿತರೆ ಸಾಕು, ಮತ್ತು ಅದಕ್ಕೂ ಎರಡು ದಿನ ಬೇಕು. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ. ಅದೂ ತಕ್ಷಣವಲ್ಲ, ಕೆಲ ಕ್ಷಣ ತಡವಾಗಿ. ಬ್ರೇಕ್ ಇಲ್ಲ, ನಿಲ್ಲಿಸಲು ಎಂಜಿನ್ನನ್ನು ಹಿಮ್ಮುಖ ಗೇರಿಗೆ ಹಾಕಬೇಕು. ಎದುರು ದೋಣಿ ಬಂದರೆ ನೀವು ಬಲಕ್ಕೆ ಸರಿಯಬೇಕು, ನಮ್ಮ ರಸ್ತೆಗಳ ರೂಢಿಗೆ ವಿರುದ್ಧವಾಗಿ. ತಿರುಗು ಸೇತುವೆ ನೀರಿನ ಮಟ್ಟಕ್ಕೆ ಹತ್ತಿರವೇ ಇರುವುದರಿಂದ ಅದನ್ನು ಪಕ್ಕಕ್ಕೆ ತಿರುಗಿಸದೆ ದೋಣಿ ಹೋಗುವುದಿಲ್ಲ. ಒಬ್ಬರು ಇಳಿದು ತೆರೆಯಬೇಕು, ದೋಣಿ ದಾಟಿದ ಮೇಲೆ ಮುಚ್ಚಬೇಕು. ಹಾಗಾಗಿ ಕನಿಷ್ಠ ಇಬ್ಬರು ಬೇಕು, ನಾಲ್ವರಿದ್ದರೆ ಹಿತ.

ಬಿಂಗ್ಲಿ ತಲುಪಿದಾಗ ನಿಮ್ಮ ಮುಂದೆ ನೆಲವೇ ಕುಸಿದಂತೆ ಕಾಣುತ್ತದೆ. ಐದು ಲಾಕ್‌ಗಳು ಒಂದಕ್ಕೊಂದು ತಾಗಿ, ಒಂದರ ಕೆಳಬಾಗಿಲೇ ಮುಂದಿನದರ ಮೇಲ್ಬಾಗಿಲಾಗಿ, ದೋಣಿಯನ್ನು 59 ಅಡಿ ಕೆಳಕ್ಕೆ ಇಳಿಸುತ್ತವೆ. ಬಿಂಗ್ಲಿ ಫೈವ್ ರೈಸ್ ಎಂದು ಇದರ ಹೆಸರು. ಇಂಥ ಜೋಡಣೆಗೆ ಮೆಟ್ಟಿಲು ಲಾಕ್ ಎನ್ನುತ್ತಾರೆ. 1774ರಲ್ಲಿ ತೆರೆದದ್ದು ಇಂದಿಗೂ ದಿನನಿತ್ಯ ಕೆಲಸ ಮಾಡುತ್ತಿದೆ. ಇಳಿಯುವ ದೋಣಿಗೆ ಎಲ್ಲಕ್ಕಿಂತ ಮೇಲಿನ ತೊಟ್ಟಿ ತುಂಬಿರಬೇಕು, ಉಳಿದ ನಾಲ್ಕೂ ಖಾಲಿಯಿರಬೇಕು. ಏರುವ ದೋಣಿಗೆ ಕೆಳಗಿನದು ಖಾಲಿ, ಮೇಲಿನ ನಾಲ್ಕೂ ತುಂಬಿರಬೇಕು. ಈ ಕ್ರಮ ತಪ್ಪಿದರೆ ನೀರು ಉಕ್ಕಿ ಹರಿಯುತ್ತದೆ, ಇಲ್ಲವೇ ದೋಣಿ ನೀರಿಲ್ಲದ ತೊಟ್ಟಿಯಲ್ಲಿ ಕೂರುತ್ತದೆ. ಆದ್ದರಿಂದ ಅಲ್ಲಿ ಲಾಕ್ ಕೀಪರ್ ಇರುತ್ತಾರೆ, ಅವರ ಮಾತಿನಂತೆಯೇ ದೋಣಿಗಳು ಸಾಗುತ್ತವೆ. ಹೊಸಬರ ಮೊದಲ ಲಾಕ್ ಇಷ್ಟು ದೊಡ್ಡದಾಗಿರಬೇಕೇ ಎಂದು ಅಂಜಬೇಡಿ. ಅನುಭವಿಯೊಬ್ಬರು ಪಕ್ಕದಲ್ಲಿ ನಿಂತು ಐದು ಸಲ ಹೇಳಿಕೊಡುವ ಪಾಠಶಾಲೆ ಬೇರೆಲ್ಲೂ ಸುಲಭವಾಗಿ ಸಿಗದು. ಅವರ ಕೆಲಸದ ವೇಳೆಯನ್ನು ಮೊದಲೇ ತಿಳಿದುಕೊಂಡು ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಲ್ಲಿ.

ಅಲ್ಲಿಂದ ಮೂರು ಮೈಲಿಗೆ ಸಾಲ್ಟೇರ್. ಟೈಟಸ್ ಸಾಲ್ಟ್ ಎಂಬ ಉದ್ಯಮಿ 1853ರಲ್ಲಿ ಉಣ್ಣೆಯ ಗಿರಣಿ ತೆರೆದು, ಅದರ ಸುತ್ತ ಕೆಲಸಗಾರರಿಗಾಗಿ ಕಟ್ಟಿಸಿದ ಊರು. 2001ರಿಂದ ಇದು ವಿಶ್ವ ಪರಂಪರೆಯ ತಾಣ. ಗಿರಣಿಯೊಳಗೆ ಈಗ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳಿವೆ. ಅರ್ಧ ದಿನ ಇಡಿ.

ದೋಣಿಯ ವಿಷಯ. ನ್ಯಾರೋಬೋಟ್ ಎಂಬ ಈ ದೋಣಿಯ ಅಗಲ ಏಳು ಅಡಿ ಅಷ್ಟೇ. ಈ ಕಾಲುವೆಯ ಲಾಕ್‌ಗಳ ಅಗಲ 14 ಅಡಿ, ಆದ್ದರಿಂದ ಎರಡು ದೋಣಿಗಳು ಅಕ್ಕಪಕ್ಕ ನಿಲ್ಲುತ್ತವೆ. ಹಿಂದೆ ಇನ್ನೊಂದು ದೋಣಿ ಬರುತ್ತಿದ್ದರೆ ಕಾದು ಜೊತೆಯಾಗಿ ಹೋಗಿ. ನೀರೂ ಉಳಿಯುತ್ತದೆ, ಶ್ರಮವೂ ಅರ್ಧವಾಗುತ್ತದೆ. ಒಳಗೆ ಗ್ಯಾಸ್ ಒಲೆ, ಫ್ರಿಜ್, ಸ್ನಾನದ ಕೋಣೆ ಇರುತ್ತವೆ. ಕುಡಿಯುವ ನೀರಿನ ಟ್ಯಾಂಕನ್ನು ದಂಡೆಯ ನಲ್ಲಿಗಳಲ್ಲಿ ದಿನಾ ತುಂಬಿಸಿಕೊಳ್ಳುವ ರೂಢಿ ಮಾಡಿ. ಅಕ್ಕಿ, ಬೇಳೆ, ತರಕಾರಿಯನ್ನು ಸ್ಕಿಪ್ಟನ್‌ನಲ್ಲೇ ಕೊಳ್ಳಬಹುದು. ಒಗ್ಗರಣೆಯ ಹೊಗೆ ಸಣ್ಣ ಜಾಗದಲ್ಲಿ ಬೇಗ ತುಂಬುತ್ತದೆ, ಕಿಟಕಿ ತೆರೆದೇ ಅಡುಗೆ ಮಾಡಿ. ಚಳಿಯೆಂದು ಗಾಳಿಯ ಕಿಂಡಿಗಳಿಗೆ ಬಟ್ಟೆ ತುರುಕಬೇಡಿ. ಒಲೆಯಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಈಜು ಬಾರದವರು ಲೈಫ್ ಜಾಕೆಟ್ ಕೇಳಿ ಪಡೆಯಿರಿ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟರ ತನಕ ಎಂಜಿನ್ ಆರಿಸಿಟ್ಟು ನೆರೆಯ ದೋಣಿಗಳವರಿಗೆ ನಿದ್ದೆ ಮಾಡಲು ಬಿಡಬೇಕು.

ಕಾಲ ಯಾವುದು? ನವೆಂಬರಿನಿಂದ ಮಾರ್ಚಿನವರೆಗೆ ಲಾಕ್‌ಗಳ ದುರಸ್ತಿ ನಡೆಯುತ್ತದೆ. ಆಗಸ್ಟ್ ಶಾಲಾ ರಜೆಯ ತಿಂಗಳು, ದಟ್ಟಣೆ ಹೆಚ್ಚು. ಇನ್ನೊಂದು ವಿಚಾರ ನೀರಿನದು. ಪ್ರತಿ ಸಲ ಲಾಕ್ ಬಳಸಿದಾಗ ಒಂದು ತೊಟ್ಟಿ ನೀರು ಎತ್ತರದಿಂದ ಕೆಳಗೆ ಹೋಗುತ್ತದೆ, ಅದನ್ನು ಬೆಟ್ಟದ ಜಲಾಶಯಗಳು ತುಂಬಿಕೊಡಬೇಕು. ಮಳೆ ಕಡಿಮೆಯಾದರೆ ಲಾಕ್‌ಗಳಿಗೆ ಬೀಗ ಬೀಳುತ್ತದೆ. 2010ರ ಬೇಸಿಗೆಯಲ್ಲಿ ಗಾರ್ಗ್ರೇವ್‌ನಿಂದ ವಿಗನ್‌ವರೆಗೆ ಹೀಗಾಯಿತು. 2025ರಲ್ಲೂ ಕಾಲುವೆಯ ದೊಡ್ಡ ಭಾಗ ಮುಚ್ಚಿತ್ತು. ಈ ಎಲ್ಲ ಕಾರಣಗಳಿಂದ ನಾನು ಮೇ ತಿಂಗಳನ್ನು ಮೆಚ್ಚುತ್ತೇನೆ: ಜಲಾಶಯಗಳಲ್ಲಿ ಸಾಮಾನ್ಯವಾಗಿ ನೀರಿರುತ್ತದೆ, ಹಗಲು ದೀರ್ಘ, ಜನ ಕಡಿಮೆ. ಮಳೆಗೆ ಮಾತ್ರ ಯಾವ ತಿಂಗಳೂ ರಜೆಯಿಲ್ಲ, ಒಳ್ಳೆಯ ರೇನ್‌ಕೋಟ್ ಇಟ್ಟುಕೊಳ್ಳಿ.

ಹೊರಡುವ ಹಿಂದಿನ ವಾರ, ಕಾಲುವೆಗಳನ್ನು 2012ರಿಂದ ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಪ್ರಕಟಿಸುವ ಸೂಚನೆಗಳನ್ನು ಓದಿ. ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ರೈಲಿದೆ, ಮುಕ್ಕಾಲು ಗಂಟೆಯ ದಾರಿ. ಒಂದು ವೇಳೆ ಬಿಂಗ್ಲಿಯ ಲಾಕ್‌ಗಳು ಮುಚ್ಚಿದ್ದರೆ ಪ್ರವಾಸ ರದ್ದು ಮಾಡಬೇಡಿ. ಲಾಕ್ ಇಲ್ಲದ ಆ 17 ಮೈಲಿಯಲ್ಲೇ ವಾರ ಕಳೆಯಿರಿ, ಫೈವ್ ರೈಸ್‌ನ ಮೇಲ್ತುದಿಯ ಬಳಿ ದೋಣಿ ಕಟ್ಟಿ, ಸಾಲ್ಟೇರ್‌ಗೆ ಟೋಪಾತ್ ಹಿಡಿದು ನಡೆದೇ ಹೋಗಿಬನ್ನಿ.